ಎಡವುವ ಜಾಗ ಹುಡುಕಿ: 'ಮಾಡಿ ತೋರಿಸುವ' ಭಾಷಣಕ್ಕೆ ವಿಷಯ ಆರಿಸುವುದು ಹೇಗೆ?

ಈ ಸಲದ ಕಂತನ್ನ ಐರ್ಲೆಂಡಿನ ರಿಂಗಾಸ್ಕಿಡಿಯಿಂದ ಮಾತಾಡ್ತಿದ್ದೀವಿ. ಕಾರ್ಕ್ ಬಂದರಿನ ದಡದಲ್ಲಿರೋ ಚಿಕ್ಕ ಊರು ಇದು. ನಾವು ಕೆಲಸ ಮಾಡೋ ಪ್ರಯೋಗಾಲಯ ಇಲ್ಲೇ ಇದೆ.

ಊರಿನ ಬಗ್ಗೆ ಒಂದೆರಡು ಮಾತು ಮೊದಲು ಹೇಳಿಬಿಡ್ತೀವಿ, ಯಾಕಂದ್ರೆ ಇವತ್ತಿನ ವಿಷಯಕ್ಕೂ ಅದಕ್ಕೂ ನಂಟಿದೆ. ಔಷಧ ಕಂಪನಿ ಫೈಜರ್ 1969ರಲ್ಲಿ ಐರ್ಲೆಂಡಿಗೆ ಬಂದಾಗ ಕಾಲಿಟ್ಟದ್ದು ಇಲ್ಲಿಗೇ. ಆಮೇಲೆ ಒಂದರ ಹಿಂದೆ ಒಂದು ಔಷಧ ಕಾರ್ಖಾನೆಗಳು ಬಂದವು. ಇಂಥ ಕಾರ್ಖಾನೆಗಳಲ್ಲಿ ಕೈ ತೊಳೆಯೋದರಿಂದ ಹಿಡಿದು ದೊಡ್ಡ ತೊಟ್ಟಿ ಶುಚಿ ಮಾಡೋವರೆಗೆ ಪ್ರತಿ ಕೆಲಸಕ್ಕೂ 'ಹೀಗೇ ಮಾಡಬೇಕು' ಅಂತ ಬರೆದಿಟ್ಟ ಕ್ರಮ ಇರುತ್ತೆ. ಎಸ್‌ಒಪಿ ಅಂತಾರೆ. ಅದೇ ಊರಲ್ಲಿ 2004ರಿಂದ ಐರ್ಲೆಂಡಿನ ರಾಷ್ಟ್ರೀಯ ನೌಕಾ ಕಾಲೇಜು ಇದೆ. ಹಡಗಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು, ಸಮುದ್ರಕ್ಕೆ ಬಿದ್ದರೆ ಜೀವ ಹೇಗೆ ಉಳಿಸಿಕೊಳ್ಳಬೇಕು, ಇದನ್ನೆಲ್ಲ ಅಲ್ಲಿ ಪಾಠ ಕೇಳಿ ಕಲಿಯೋದಿಲ್ಲ, ಮಾಡಿ ಕಲೀತಾರೆ. ಒಟ್ಟಲ್ಲಿ 'ಹೇಗೆ ಮಾಡೋದು' ಅನ್ನೋ ಪ್ರಶ್ನೆಯ ಮೇಲೇ ಹೊಟ್ಟೆ ಹೊರೆಯೋ ಊರು ಇದು.

ಇಂಥ ಊರಲ್ಲಿ ಕೂತ ನಮಗೆ ಒಂದು ಸಂಜೆ ಫೋನ್ ಬಂತು. ಕಾರ್ಕ್‌ನಲ್ಲಿ ನಮಗೆ ಪರಿಚಯದ ಒಂದು ಕನ್ನಡ ಮನೆ ಇದೆ, ಹಾಸನ ಜಿಲ್ಲೆಯ ಕಡೆಯವರು. ಅವರ ಮಗಳು ಕಾಲೇಜಿನ ಮೊದಲ ವರ್ಷ. ಸಂವಹನ ತರಗತಿಯಲ್ಲಿ ಐದು ನಿಮಿಷದ ಒಂದು ಭಾಷಣ ಮಾಡಬೇಕು, ಸುಮ್ಮನೆ ಭಾಷಣ ಅಲ್ಲ, ಯಾವುದಾದರೂ ಒಂದು ಕೆಲಸವನ್ನ ಹೇಗೆ ಮಾಡೋದು ಅಂತ ಮಾಡಿ ತೋರಿಸಬೇಕು. ಹತ್ತು ದಿನ ಇದೆ, ವಿಷಯ ಸಿಕ್ಕಿಲ್ಲ. "ಅಕ್ಕಾ, ಭಾಷಣ ನಾನೇ ಮಾಡ್ತೀನಿ. ಯಾವುದರ ಮೇಲೆ ಮಾಡ್ಲಿ ಅಂತ ಮಾತ್ರ ಹೇಳಿ ಸಾಕು," ಅಂದಳು.

ನಮಗೆ ಆಗ ಗೊತ್ತಾಗಲಿಲ್ಲ, ಆದ್ರೆ ಅವಳು ಕೇಳಿದ್ದು ಅದರಲ್ಲಿ ಅತಿ ಕಷ್ಟದ ಭಾಗವನ್ನೇ. ಇಂಥ ಭಾಷಣ ಕೆಟ್ಟರೆ ಅದು ಬಹುತೇಕ ವೇದಿಕೆಯ ಮೇಲೆ ಕೆಡೋದಲ್ಲ, ವಿಷಯ ಆರಿಸುವಾಗಲೇ ಕೆಟ್ಟಿರುತ್ತೆ. ಹಾಗಾದ್ರೆ ವಿಷಯ ಆರಿಸೋದು ಹೇಗೆ? ಅದಕ್ಕೆ ವಿಜ್ಞಾನ ಏನಾದರೂ ಹೇಳುತ್ತಾ? ಹೇಳುತ್ತೆ. ಬನ್ನಿ ನೋಡೋಣ.

ಅವಳ ಹತ್ತಿರ ಆಗಲೇ ಎರಡು ಪಟ್ಟಿ ಇತ್ತು. ಒಂದು ಅವಳದ್ದು: ಜೀನ್ ತಿದ್ದೋದು ಹೇಗೆ, ಪಿಸಿಆರ್ ಮಾಡೋದು ಹೇಗೆ, ಷೇರು ಮಾರುಕಟ್ಟೆಯಲ್ಲಿ ಹಣ ಹೂಡೋದು ಹೇಗೆ. ಇನ್ನೊಂದು ಅವರ ಅಮ್ಮನದ್ದು: ರಂಗೋಲಿ ಹಾಕೋದು, ಸೀರೆ ಉಡೋದು, ದೋಸೆ ಹುಯ್ಯೋದು. ಮೊದಲನೇ ಪಟ್ಟಿ ಮೇಷ್ಟರನ್ನ ಮೆಚ್ಚಿಸೋಕೆ, ಎರಡನೇದು ಕಣ್ಣಿಗೆ ಚಂದ ಕಾಣೋಕೆ. ಸೀರೆ ಬೇಡ ಯಾಕೆ ಅಂತ ಕೇಳಿದ್ವಿ. ಅವಳು ಕೊಟ್ಟ ಉತ್ತರ ನಮಗೆ ಹಿಡಿಸಿತು. "ನಾನು ಸೀರೆ ಉಟ್ಟು ನಿಂತ್ರೆ ಎಲ್ಲರೂ ಚಪ್ಪಾಳೆ ಹೊಡೀತಾರೆ ಅಕ್ಕಾ. ಆದ್ರೆ ಅದು ಸೀರೆಗೆ ಹೊಡೆಯೋ ಚಪ್ಪಾಳೆ. ಒಬ್ಬರಿಗೂ ನಾಳೆ ಸೀರೆ ಉಡೋಕೆ ಬರಲ್ಲ."

ಆ ಕೊನೇ ವಾಕ್ಯದಲ್ಲೇ ಮೊದಲನೇ ಜರಡಿ ಸಿಕ್ಕಿಬಿಡ್ತು. ನಾಳೆ ಕೇಳುಗರ ಕೈಗೆ ಈ ಕೆಲಸ ಬರುತ್ತಾ? ಕನ್ನಡದಲ್ಲಿ 'ಬಗ್ಗೆ' ಮತ್ತು 'ಹೇಗೆ' ಅಂತ ಎರಡು ಬೇರೆ ಪದ ಇವೆ. ಜೀನ್ ತಿದ್ದುವುದರ ಬಗ್ಗೆ ಐದು ನಿಮಿಷ ಚೆನ್ನಾಗೇ ಮಾತಾಡಬಹುದು. ಆದ್ರೆ ಅದನ್ನ ಹೇಗೆ ಮಾಡೋದು ಅಂತ ಐದು ನಿಮಿಷದಲ್ಲಿ ಯಾರ ಕೈಗೂ ಕೊಡೋಕಾಗಲ್ಲ. ಮೇಜಿನ ಮೇಲೆ ಇಟ್ಟು ತೋರಿಸೋಕೂ ಏನೂ ಇರಲ್ಲ. ಷೇರು ಹೂಡಿಕೆಯೂ ಅಷ್ಟೇ. ಹೀಗೆ ಮೊದಲನೇ ಪಟ್ಟಿ ಪೂರ್ತಿ ಹೋಯ್ತು.

ಸರಿ, ಹಾಗಾದ್ರೆ ನಮಗೆ ಚೆನ್ನಾಗಿ ಬರೋ ಕೈಕೆಲಸವನ್ನೇ ಆರಿಸಿದರಾಯ್ತಲ್ಲ, ಅಷ್ಟು ಸುಲಭ ಅಲ್ವಾ? ಇಲ್ಲ. ಇಲ್ಲೇ ಒಂದು ಗುಂಡಿ ಇದೆ. ನಾವೇ ಅದರಲ್ಲಿ ಬಿದ್ದು ಎದ್ದವರು.

ಪಿಎಚ್‌ಡಿ ಮಾಡ್ತಿದ್ದ ದಿನಗಳಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಮೈಕ್ರೋಪಿಪೆಟ್ ಬಳಸೋದು ತೋರಿಸೋ ಕೆಲಸ ನಮ್ಮ ಪಾಲಿಗೆ ಬಂತು. ಒಂದು ಹನಿಯ ಚೂರನ್ನ ಅಳೆದು ಒಂದು ಕೊಳವೆಯಿಂದ ಇನ್ನೊಂದಕ್ಕೆ ಹಾಕೋ ಪೆನ್ನಿನಂಥ ಉಪಕರಣ ಅದು. ಹತ್ತು ನಿಮಿಷ ತೋರಿಸಿದ್ವಿ. ಎಲ್ಲರೂ ತಲೆ ಆಡಿಸಿದರು. ಮಾರನೇ ದಿನ ಅವರು ತೆಗೆದ ಅಳತೆಗಳೆಲ್ಲ ತಪ್ಪು, ಅದೂ ಎಲ್ಲರದ್ದೂ ಒಂದೇ ಥರ ಜಾಸ್ತಿ. ಕಾರಣ ಏನು ಗೊತ್ತಾ? ಪಿಪೆಟ್ಟಿನ ಮೇಲಿನ ಗುಂಡಿ ಒತ್ತಿದಾಗ ಅದು ಎರಡು ಕಡೆ ನಿಲ್ಲುತ್ತೆ. ಮೊದಲನೇ ನಿಲುಗಡೆಯವರೆಗೆ ಒತ್ತಿ, ದ್ರವದೊಳಗೆ ಅದ್ದಿ, ಮೆಲ್ಲಗೆ ಬಿಟ್ಟು ಹೀರಿಸಬೇಕು. ಹೊರಗೆ ಹಾಕುವಾಗ ಮಾತ್ರ ಎರಡನೇ ನಿಲುಗಡೆಯವರೆಗೆ ಒತ್ತಬೇಕು. ಹೊಸಬರ ಬೆರಳು ಹೀರುವಾಗಲೇ ಎರಡನೇ ನಿಲುಗಡೆ ದಾಟಿಬಿಟ್ಟಿತ್ತು. ನಾವು ಆ ಎರಡು ನಿಲುಗಡೆಗಳ ವಿಷಯವನ್ನೇ ಹೇಳಿರಲಿಲ್ಲ. ಬೇಕಂತಲೇ ಬಿಟ್ಟದ್ದಲ್ಲ. ನಮ್ಮ ಹೆಬ್ಬೆರಳಿಗೆ ಅದು ಎಷ್ಟು ಒಗ್ಗಿಹೋಗಿತ್ತು ಅಂದ್ರೆ ಅಂಥದ್ದೊಂದು ಇದೆ ಅನ್ನೋದೇ ಮರೆತಿತ್ತು.

ಚೆನ್ನಾಗಿ ಗೊತ್ತಿರೋದೇ ಹೇಳಿಕೊಡೋಕೆ ಅಡ್ಡ ಬರುತ್ತೆ. ಇದಕ್ಕೊಂದು ಸೊಗಸಾದ ಪ್ರಯೋಗ ಇದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಸಂಶೋಧಕಿ ಕೆಲವರಿಗೆ ಎಲ್ಲರಿಗೂ ಗೊತ್ತಿರೋ ಹಾಡುಗಳ ತಾಳವನ್ನ ಬೆರಳಲ್ಲಿ ಮೇಜಿನ ಮೇಲೆ ಕುಟ್ಟೋಕೆ ಹೇಳಿದರು. ಎದುರು ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ಕುಟ್ಟುವವರನ್ನ ಕೇಳಿದ್ರೆ, ಅರ್ಧದಷ್ಟು ಸಲ ಎದುರಿನವರು ಕಂಡುಹಿಡೀತಾರೆ ಅಂದರು. ನಿಜವಾಗಿ ಕಂಡುಹಿಡಿದದ್ದು 120ರಲ್ಲಿ ಬರೀ 3 ಹಾಡು. ಕುಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಓಡ್ತಿರುತ್ತೆ, ಎದುರಿನವರಿಗೆ ಕೇಳಿಸೋದು ಬರೀ ಟಕ್ ಟಕ್. ನಮ್ಮ ಪಿಪೆಟ್ ಪಾಠದಲ್ಲೂ ಆಗಿದ್ದು ಇದೇ.

ನಮ್ಮ ಅಡುಗೆಮನೆಗಳಿಗೆ ಇದು ಹೊಸದೇನಲ್ಲ. ಮುದ್ದೆ ಹೇಗೆ ಮಾಡೋದು ಅಂತ ಅಮ್ಮನನ್ನ ಕೇಳಿ ನೋಡಿ. "ಹದ ನೋಡ್ಕೊಂಡು ಹಿಟ್ಟು ಹಾಕು" ಅಂತಾರೆ. ಎಷ್ಟು ಹಿಟ್ಟು? "ಹದಕ್ಕೆ ಬರೋಷ್ಟು." ಆ 'ಹದ' ಅನ್ನೋ ಎರಡಕ್ಷರದಲ್ಲಿ ಮೂವತ್ತು ವರ್ಷದ ಅನುಭವ ಅಡಗಿದೆ. ಕೈಗೆ ಗೊತ್ತು, ಬಾಯಿಗೆ ಬರಲ್ಲ. ವಿಜ್ಞಾನದ ತತ್ವಶಾಸ್ತ್ರ ಬರೆದ ಮೈಕೆಲ್ ಪೊಲಾನ್ಯಿ ಇಂಥ ಬಾಯಿಗೆ ಬಾರದ ತಿಳಿವಿನ ಬಗ್ಗೆಯೇ ವರ್ಷಗಟ್ಟಲೆ ಯೋಚಿಸಿದವರು. ನಮ್ಮ ಭಾಷೆಯಲ್ಲಿ ಅದಕ್ಕೆ ಹೆಸರೇ ಇದೆ. ಹಾಗಾಗಿ ಎರಡನೇ ಜರಡಿ ಇದು: ನಿಮ್ಮ ವಿಷಯದಲ್ಲಿರೋ ಹದವನ್ನ, ಎದುರಿಗೆ ಕೂತವರು ಕಣ್ಣಲ್ಲಿ ನೋಡುವಂತೆಯೋ, ನಾಲಿಗೆಯಲ್ಲಿ ರುಚಿ ನೋಡುವಂತೆಯೋ, ಬೆರಳಲ್ಲಿ ಮುಟ್ಟುವಂತೆಯೋ ಮಾಡೋಕಾಗುತ್ತಾ? ಆಗದಿದ್ರೆ, ಎಷ್ಟೇ ಚೆನ್ನಾಗಿ ಬರಲಿ, ಆ ವಿಷಯ ಐದು ನಿಮಿಷಕ್ಕೆ ಅಲ್ಲ. ದೋಸೆ ಇಲ್ಲಿ ಉಳಿದುಕೊಂಡಿತು. ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡಬಹುದಲ್ಲ! ಆದ್ರೆ ತರಗತಿಯೊಳಗೆ ಒಲೆ ಹಚ್ಚೋ ಹಾಗಿಲ್ಲ, ಅದೂ ಹೋಯ್ತು.

ಈಗ ಸ್ವಲ್ಪ ಎಚ್ಚರಿಕೆಯ ವಿಷಯ. 2018ರಲ್ಲಿ ಮೈಕೆಲ್ ಕಾರ್ಡಸ್ ಮತ್ತು ಎಡ್ ಓ'ಬ್ರಿಯನ್ ಅನ್ನೋ ಷಿಕಾಗೋದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದು. ಮೇಜಿನ ಮೇಲೆ ಪಾತ್ರೆಗಳಿವೆ, ಕೆಳಗಿನ ಬಟ್ಟೆಯನ್ನ ಸರಕ್ಕನೆ ಎಳೀಬೇಕು, ಪಾತ್ರೆ ಬೀಳಬಾರದು. ಇಂಥ ಕಸರತ್ತುಗಳ ವಿಡಿಯೋವನ್ನ ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ 'ನನಗೂ ಬರುತ್ತೆ' ಅನ್ನೋ ಧೈರ್ಯ ಜಾಸ್ತಿಯಾಯ್ತು. ಡಾರ್ಟ್ ಎಸೆಯೋದು, ಮೂನ್‌ವಾಕ್ ನಡಿಗೆ, ಇಂಥವನ್ನ ನಿಜವಾಗಿ ಮಾಡಿಸಿ ನೋಡಿದ್ರೆ ಕೈಚಳಕ ಮಾತ್ರ ಜಾಸ್ತಿಯಾಗಿರಲಿಲ್ಲ. ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಮೂರು ದಾಂಡುಗಳನ್ನ ಗಾಳಿಯಲ್ಲಿ ಹಾರಿಸಿ ಹಿಡಿಯೋ ವಿಡಿಯೋ ನೋಡಿದವರ ಕೈಗೆ ಆ ದಾಂಡುಗಳನ್ನ ಒಂದು ಕ್ಷಣ ಕೊಟ್ಟರೆ ಸಾಕು, ಆ ಹುಸಿ ಧೈರ್ಯ ಇಳಿಯುತ್ತೆ.

ಯೋಚನೆ ಮಾಡಿ. ಮಾಡಿ ತೋರಿಸುವ ಭಾಷಣ ಅಂದ್ರೆ ಕೂತವರಿಗೆ ತೋರಿಸೋದು ತಾನೇ? ನೀವು ಸಲೀಸಾಗಿ ಮಾಡಿದಷ್ಟೂ ಅವರಿಗೆ 'ಇಷ್ಟೇನಾ' ಅನ್ನಿಸುತ್ತೆ, ಬಂದುಬಿಟ್ಟಿತು ಅಂತ ಮನೆಗೆ ಹೋಗ್ತಾರೆ. ಬಂದಿರಲ್ಲ. ಟೈ ಕಟ್ಟೋದರಲ್ಲಿ ಇದರಿಂದ ನಷ್ಟ ಏನಿಲ್ಲ. ಆದ್ರೆ ಕೆಲವು ಕೆಲಸಗಳಲ್ಲಿ ಬಂದಿದೆ ಅಂದುಕೊಂಡು ತಪ್ಪಾಗಿ ಮಾಡೋದು ಏನೂ ಗೊತ್ತಿಲ್ಲದೇ ಇರೋದಕ್ಕಿಂತ ಅಪಾಯ.

ಅದಕ್ಕೇ ನಾವು ಆ ಹುಡುಗಿಗೆ ಪ್ರಶ್ನೆಯನ್ನೇ ಬದಲಾಯಿಸಿ ಕೊಟ್ವಿ. 'ನನಗೆ ಏನು ಬರುತ್ತೆ' ಅಂತ ಕೇಳ್ಕೋಬೇಡ. 'ಹೊಸಬರು ಎಲ್ಲಿ ಎಡವುತ್ತಾರೆ, ಆ ಜಾಗ ನನಗೆ ಗೊತ್ತಿದೆಯಾ' ಅಂತ ಕೇಳ್ಕೋ. ಎಡವುವ ಜಾಗ ಸಿಕ್ಕರೆ ವಿಷಯ ಸಿಕ್ಕ ಹಾಗೆ. ಜೊತೆಗೆ ಇನ್ನೊಂದು ಕೇಳಿದ್ವಿ: "ನಿನ್ನ ತರಗತಿಯನ್ನ ಬಿಟ್ಟುಬಿಡು. ಈ ಕೆಲಸ ಯಾರಿಗಾದರೂ ಸರಿಯಾಗಿ ಬಂದಿದ್ರೆ ಚೆನ್ನಾಗಿತ್ತು ಅಂತ ನಿನಗೆ ಯಾವತ್ತಾದರೂ ಅನ್ನಿಸಿದೆಯಾ?"

ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದೇ ಇಲ್ಲ. ಆಮೇಲೆ ಹೇಳಿದಳು. ಹಿಂದಿನ ಬೇಸಿಗೆಯಲ್ಲಿ ಊರಲ್ಲಿ ಅಜ್ಜಿಗೆ ವಾಂತಿ-ಭೇದಿ ಶುರುವಾಗಿತ್ತು. ಮನೆಯಲ್ಲಿ ಅಜ್ಜಿ ಒಬ್ಬರೇ. ಇವಳು ಇಲ್ಲಿಂದ ವಿಡಿಯೋ ಕರೆ ಮಾಡಿ, "ಅಜ್ಜಿ, ಓಆರ್‌ಎಸ್ ತರಿಸಿ ಕುಡಿ" ಅಂದಿದ್ದಳು. ಅಜ್ಜಿ ತರಿಸಿದರು, ಕುಡಿದರು. ಒಂದು ಲೀಟರಿನ ಪ್ಯಾಕೆಟ್ಟನ್ನ ಪೂರ್ತಿ ಒಂದು ಲೋಟ ನೀರಿಗೆ ಹಾಕಿ. ಎರಡು ದಿನ ಆದಮೇಲೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯ್ತು. ಈಗ ಹುಷಾರಾಗಿದ್ದಾರೆ. ಡ್ರಿಪ್ ಹಾಕೋ ಹಂತಕ್ಕೆ ಹೋದದ್ದಕ್ಕೆ ಅದೊಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಅವಳ ಮನಸ್ಸಿನಲ್ಲಿ ಒಂದು ಮಾತು ಕೂತುಬಿಟ್ಟಿತ್ತು: "ನಾನು ಏನು ಕುಡೀಬೇಕು ಅಂತ ಹೇಳಿದೆ ಅಕ್ಕಾ. ಹೇಗೆ ಕಲಸಬೇಕು ಅಂತ ಹೇಳ್ಲೇ ಇಲ್ಲ."

ವಿಷಯ ಸಿಕ್ಕಿತ್ತು. ಎಡವುವ ಜಾಗವೂ ಅದರೊಳಗೇ ಇತ್ತು.

ಒಂದು ಲೋಟಕ್ಕೆ ಪೂರ್ತಿ ಪ್ಯಾಕೆಟ್ ಹಾಕಿದರೆ ಏನಾಗುತ್ತೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ಜೀವವಿಜ್ಞಾನಿಗಳಾಗಿ ನಮ್ಮ ಕೆಲಸ ಅದು. ನಮ್ಮ ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಒಂದು ಥರದ ಬಾಗಿಲು ಇದೆ. ಜೋಡಿ ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡೋ ಬಾಗಿಲು ಅಂತ ಇಟ್ಕೊಳ್ಳಿ. ಒಂದು ಗ್ಲೂಕೋಸ್ ಕಣದ ಜೊತೆ ಎರಡು ಸೋಡಿಯಂ ಬಂದರೆ ಒಳಗೆ ಹೋಗ್ತವೆ, ಅವುಗಳ ಹಿಂದೆ ನೀರು ಹೋಗುತ್ತೆ. ಗ್ಲೂಕೋಸ್ ಮತ್ತು ಸೋಡಿಯಂ ಹೀಗೆ ಜೊತೆಯಾಗಿ ಹೋಗ್ತವೆ ಅನ್ನೋ ಊಹೆಯನ್ನ 1960ರಲ್ಲಿ ಮುಂದಿಟ್ಟವರು ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ. ಕಾಲರಾದಂಥ ಭೀಕರ ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡ್ತಾನೇ ಇರುತ್ತೆ. ಅದಕ್ಕೇ ಬರೀ ನೀರು ಕುಡಿದರೆ ನಿಲ್ಲದ್ದು, ಉಪ್ಪು-ಸಕ್ಕರೆ ಸರಿಯಾದ ಅಳತೆಯಲ್ಲಿ ಬೆರೆಸಿದ ನೀರಿಗೆ ಮೈಯಲ್ಲಿ ನಿಲ್ಲುತ್ತೆ. ಓಆರ್‌ಎಸ್ ಭೇದಿಯನ್ನ ನಿಲ್ಲಿಸೋ ಔಷಧ ಅಲ್ಲ ಅನ್ನೋದು ನೆನಪಿರಲಿ. ಹೋದ ನೀರನ್ನ ವಾಪಸ್ ತುಂಬೋ ದಾರಿ ಅದು.

ಇದರ ಶಕ್ತಿ ಎಂಥದ್ದು ಅಂತ ಜಗತ್ತಿಗೆ ಕಂಡದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬೊನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡೋ ದ್ರವ ಮುಗಿದುಹೋಯ್ತು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರೇ ಕುಡಿಸುವ ಹಾಗೆ ಮಾಡಿದರು. ನೂರಕ್ಕೆ ಸುಮಾರು 30 ಇದ್ದ ಸಾವು, ಅವರ ಆರೈಕೆಯಲ್ಲಿ ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು.

ಈಗ ಅಜ್ಜಿಯ ಲೋಟಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಬದಲಿಸಿದ ಸೂತ್ರದ ಪ್ರಕಾರ ಒಂದು ಲೀಟರಿನಲ್ಲಿ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇರಬೇಕು. ಅದೇ ಪ್ಯಾಕೆಟ್ 200 ಮಿಲಿಲೀಟರಿನ ಲೋಟಕ್ಕೆ ಬಿದ್ದರೆ ಐದು ಪಟ್ಟು ಗಟ್ಟಿ, ಅಂದ್ರೆ ಸೋಡಿಯಂ 375. ನಮ್ಮ ರಕ್ತದಲ್ಲಿರೋದು ಸುಮಾರು 140. ನಮ್ಮ ಪ್ರಯೋಗಾಲಯದ ಊರು ಸಮುದ್ರದ ದಡದಲ್ಲಿದೆ ಅಂದೆವಲ್ಲ, ತೆರೆದ ಸಮುದ್ರದ ನೀರಿನಲ್ಲಿ ಸುಮಾರು 470 ಇರುತ್ತೆ. ಅಜ್ಜಿ ಕುಡಿದದ್ದು ರಕ್ತಕ್ಕಿಂತ ಸಮುದ್ರಕ್ಕೇ ಹತ್ತಿರ. ಅಷ್ಟು ಗಟ್ಟಿ ದ್ರವ ಕರುಳಿಗೆ ಇಳಿದರೆ ಅದು ಮೈಗೆ ನೀರು ಕೊಡೋ ಬದಲು ಮೈಯಿಂದಲೇ ಕರುಳಿನ ಕಡೆಗೆ ನೀರು ಎಳೆಯುತ್ತೆ. ಚಿಕ್ಕ ಮಕ್ಕಳಲ್ಲಿ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೂ ಏರಬಹುದು.

ನೋಡಿ, ಪ್ಯಾಕೆಟ್ ತರೋದರಲ್ಲಿ ಯಾರೂ ಎಡವಲ್ಲ. ಕಲಸೋದರಲ್ಲೂ ಇಲ್ಲ. ಎಡವೋದು ಒಂದೇ ಕಡೆ: ಎಷ್ಟು ನೀರು? ಅದರ ಮೇಲೆ, 200 ಮಿಲಿಲೀಟರಿಗೇ ಅಂತ ಮಾಡಿದ ಪುಟ್ಟ ಪ್ಯಾಕೆಟ್ಟುಗಳೂ ಅಂಗಡಿಯಲ್ಲಿ ಸಿಗ್ತವೆ. ಹಾಗಾಗಿ ಪ್ಯಾಕೆಟ್ ಮೇಲಿನ ನೀರಿನ ಅಳತೆ ಓದೋದೇ ಈ ಭಾಷಣದ ನಡುಗಂಬ.

ಇದೇ ಪಾಠವನ್ನ ಒಂದು ದೇಶಕ್ಕೆ ದೇಶವೇ ಕಲಿತ ಕಥೆ ಇದೆ. ಹೇಗೆ ಮಾಡೋದು ಅಂತ ಹೇಳಿಕೊಟ್ಟ ಕೆಲಸಗಳಲ್ಲಿ ಇಷ್ಟು ದೊಡ್ಡದು ನಮಗೆ ಇನ್ನೊಂದು ಗೊತ್ತಿಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಸುಮಾರು ಹತ್ತು ವರ್ಷ ಮನೆ ಮನೆಗೆ ಮಹಿಳಾ ಕಾರ್ಯಕರ್ತೆಯರನ್ನ ಕಳಿಸಿತು. ಪ್ಯಾಕೆಟ್ ಎಲ್ಲರಿಗೂ ಸಿಗುತ್ತಿರಲಿಲ್ಲ. ಹಾಗಾಗಿ ಅವರ ಅಳತೆ ಹೀಗಿತ್ತು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹೇಳಬೇಕಾದದ್ದನ್ನೆಲ್ಲ ಏಳೇ ಮಾತುಗಳಿಗೆ ಇಳಿಸಿದ್ದರು. ಕಾರ್ಯಕರ್ತೆ ತಾನು ಕಲಸಿ ತೋರಿಸಿ ಎದ್ದು ಬರ್ತಿರಲಿಲ್ಲ, ತಾಯಿಯ ಕೈಯಿಂದಲೇ ಕಲಸಿಸುತ್ತಿದ್ದಳು. ಇನ್ನೂ ಮಜಾ ಕೇಳಿ: ಕಾರ್ಯಕರ್ತೆಯ ಸಂಬಳ ಎಷ್ಟು ಮನೆಗೆ ಹೋದಳು ಅನ್ನೋದರ ಮೇಲಲ್ಲ, ಆಮೇಲೆ ಬೇರೆಯವರು ಹೋಗಿ ಪರೀಕ್ಷಿಸಿದಾಗ ತಾಯಂದಿರಿಗೆ ಎಷ್ಟು ನೆನಪಿದೆ, ಎಷ್ಟು ಸರಿಯಾಗಿ ಮಾಡ್ತಾರೆ ಅನ್ನೋದರ ಮೇಲೆ. ಹೀಗೆ ಸುಮಾರು 1.2 ಕೋಟಿ ಮನೆಗಳನ್ನ ಮುಟ್ಟಿದರು. ನಮ್ಮ ಕಾಲೇಜುಗಳಲ್ಲಿ ಭಾಷಣಕ್ಕೆ ಅಂಕ ಹೀಗೆ ಕೊಟ್ಟಿದ್ದರೆ ಹೇಗಿರ್ತಿತ್ತು! ಮಾತಾಡಿದವರ ಶೈಲಿ ನೋಡಿ ಅಲ್ಲ, ಕೇಳಿದವರ ಕೈ ನೋಡಿ.

ಏಳು ಮಾತು ಮನೆಯಲ್ಲಿ ಕೂತು, ಒಬ್ಬರಿಗೊಬ್ಬರು ಹೇಳೋವಾಗ ಸರಿ. ತರಗತಿಯಲ್ಲಿ ಐದು ನಿಮಿಷಕ್ಕೆ ಅದೂ ಜಾಸ್ತಿ. ಮನಸ್ಸು ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳೋ ಹೊಸ ಸಂಗತಿಗಳು ಸುಮಾರು ನಾಲ್ಕು ಅಂತ ನೆಲ್ಸನ್ ಕೋವನ್ ಅನ್ನೋ ಮನೋವಿಜ್ಞಾನಿ 2001ರಲ್ಲಿ ವಾದಿಸಿದರು. ಅದಕ್ಕೇ ಮೂರನೇ ಜರಡಿ: ನಿಮ್ಮ ಕೆಲಸ ನಾಲ್ಕು ಹೆಜ್ಜೆಯಲ್ಲಿ ಮುಗಿಯುತ್ತಾ? ಮುಗಿಯದಿದ್ದರೆ ವಿಷಯ ಬಿಡಬೇಕಿಲ್ಲ, ಚಿಕ್ಕದು ಮಾಡಿ. 'ವಾಂತಿ-ಭೇದಿಗೆ ಆರೈಕೆ' ದೊಡ್ಡದಾಯ್ತು. 'ಒಂದು ಲೀಟರ್ ಓಆರ್‌ಎಸ್ ಕಲಸೋದು' ಸರಿಯಾಯ್ತು.

ಇನ್ನು ಒಂದೇ ಪರೀಕ್ಷೆ ಬಾಕಿ. ಇದಕ್ಕೆ ನಾವು 'ಕೈ ಕಟ್ಟೋ ಪರೀಕ್ಷೆ' ಅಂತ ಹೆಸರಿಟ್ಟಿದ್ದೀವಿ. ನೀವು ಕೈ ಹಿಂದೆ ಕಟ್ಟಿ ನಿಲ್ಲಬೇಕು. ವಿಷಯ ಗೊತ್ತಿಲ್ಲದ ಒಬ್ಬರು ನಿಮ್ಮ ಬಾಯಿಮಾತು ಕೇಳಿ ಕೆಲಸ ಮಾಡಬೇಕು. ಅವರು ತಪ್ಪಿದಾಗ ನಿಮ್ಮ ಕೈ ಹಿಂದೆಯೇ ತುಡಿಯುತ್ತಲ್ಲ, ನೀವು ಹೇಳದೇ ಬಿಟ್ಟ ಮಾತು ಅಲ್ಲೇ ಇದೆ.

ಅವಳು ಒಂದು ಶನಿವಾರ ರಿಂಗಾಸ್ಕಿಡಿಗೆ ಬಂದಳು. ಪ್ರಯೋಗಾಲಯದ ಚಹಾ ಕೋಣೆಯಲ್ಲಿ ನಮ್ಮ ಐರಿಷ್ ಸಹೋದ್ಯೋಗಿಯೊಬ್ಬರು ಪರೀಕ್ಷೆಗೆ ಕೂತರು. ಪ್ಯಾಕೆಟ್ ಇಲ್ಲದಿದ್ದಾಗ ಮನೆಯಲ್ಲೇ ಮಾಡೋ ಅಳತೆಯನ್ನೂ ಅವಳು ಸೇರಿಸಿಕೊಂಡಿದ್ದಳು: ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅವಳು ಕೈ ಕಟ್ಟಿ ನಿಂತು ಹೇಳಿದಳು. ಅವರು ನಗುನಗುತ್ತಾ ಸಕ್ಕರೆ ಹಾಕಿದರು, ಒಂದೊಂದು ಚಮಚವೂ ಗೋಪುರ! ಹುಡುಗಿಯ ಮುಖ ನೋಡಬೇಕಿತ್ತು. "ತಲೆ ಸವರಿ ಮಟ್ಟ ಮಾಡಬೇಕು" ಅಂತ ಅವಳು ಹೇಳಿಯೇ ಇರಲಿಲ್ಲ. ಅವಳ ಮನೆಯಲ್ಲಿ ಚಮಚ ಅಂದ್ರೆ ಮಟ್ಟ ಮಾಡಿದ ಚಮಚ ಅಂತಲೇ ಅರ್ಥ. ನಮ್ಮ ಪಿಪೆಟ್ಟಿನ ಎರಡು ನಿಲುಗಡೆ ಇಲ್ಲಿ ಮತ್ತೆ ಪ್ರತ್ಯಕ್ಷ ಆಯ್ತು. ಎರಡನೇ ಎಡವುವ ಜಾಗ ಹೀಗೆ ಸಿಕ್ಕಿತು.

ಅಲ್ಲೇ ಕೂತು ಭಾಷಣವನ್ನ ನಾಲ್ಕು ಹೆಜ್ಜೆಗೆ ಇಳಿಸಿದ್ವಿ. ಒಂದು, ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆ, ಜೋರಾಗಿ ಓದಿ. ಎರಡು, ಅಷ್ಟು ನೀರು ಹಿಡಿಯೋ ಬಾಟಲಿಯನ್ನ ಮೊದಲು ತುಂಬಿ, ಆಮೇಲೆ ಪ್ಯಾಕೆಟ್ ಹರೀರಿ. ಈ ಕ್ರಮ ಯಾಕಂದ್ರೆ, ನೀರು ಮೊದಲು ನಿಂತುಬಿಟ್ಟರೆ ಲೋಟಕ್ಕೆ ಸುರಿಯೋ ಆಸೆಯೇ ಬರಲ್ಲ. ಮೂರು, ಪ್ಯಾಕೆಟ್ ಇಲ್ಲದಿದ್ದರೆ ತಲೆ ಸವರಿದ ಚಮಚದಲ್ಲಿ ಆರು ಸಕ್ಕರೆ, ಅರ್ಧ ಉಪ್ಪು. ನಾಲ್ಕು, ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ, ಮತ್ತೆ ಕಲಸಿ. ಈ ನಾಲ್ಕನೆಯದು ನಮಗೆ ತುಂಬ ಇಷ್ಟ. ಕಣ್ಣೀರಿನ ರುಚಿ ಗೊತ್ತಿಲ್ಲದವರು ಯಾರಿದ್ದಾರೆ? ಬಾಯಿಗೆ ಬಾರದ ಹದ ನಾಲಿಗೆಗೆ ಬಂತು.

ಇಲ್ಲಿ ಕೇಳುಗರಿಗೂ ಒಂದು ಮಾತು. ಪ್ಯಾಕೆಟ್ ಸಿಗೋ ಕಡೆ ಪ್ಯಾಕೆಟ್ಟೇ ಒಳ್ಳೇದು, ಮನೆ ಅಳತೆ ಅದು ಸಿಗದಿದ್ದಾಗ ಮಾತ್ರ. ಕಲಸಿದ್ದನ್ನ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಎಳೆ ಕೂಸಿಗಾಗಲಿ, ತೀರಾ ವಯಸ್ಸಾದವರಿಗಾಗಲಿ ಭೇದಿ ಶುರುವಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗ್ತಿದ್ದರೆ, ಮೂತ್ರ ಕಡಿಮೆಯಾದರೆ, ಮಂಕು ಕವಿದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಭಾಷಣದ ದಿನ ಏನಾಯ್ತು? ಅವಳೇ ಹೇಳಿದ್ದು ಇದು. ಶುರುವಿನಲ್ಲಿ ಗಂಟಲು ಒಣಗಿತು, ಮೊದಲ ನಿಮಿಷ ತಡವರಿಸಿದಳು. ಆಮೇಲೆ ಮುಂದಿನ ಸಾಲಿನ ಒಬ್ಬ ಹುಡುಗನನ್ನ ಕರೆದು ಒಂದು ಪ್ಯಾಕೆಟ್, ಒಂದು ಲೋಟ, ಒಂದು ಬಾಟಲಿ ಕೊಟ್ಟು "ಕಲಸು" ಅಂದಳು. ಅವನು ಸೀದಾ ಲೋಟಕ್ಕೇ ಸುರಿದ, ಥೇಟ್ ಅಜ್ಜಿಯ ಹಾಗೆ. ತರಗತಿ ನಕ್ಕಿತು. "ನಗಬೇಡಿ, ನಮ್ಮಜ್ಜಿಯೂ ಹೀಗೇ ಮಾಡಿದರು," ಅಂತ ಅವಳು ಅಂದಾಗ ನಗು ನಿಂತಿತು. ಅಲ್ಲಿಂದ ಮುಂದೆ ಅವಳಿಗೆ ಭಯ ಆಗಲಿಲ್ಲವಂತೆ. ಅಂಕ ಮಧ್ಯಮ ಬಂತು. ಮೇಷ್ಟರು 'ಕಣ್ಣು ನೋಡಿ ಮಾತಾಡು' ಅಂತ ಬರೆದಿದ್ದರಂತೆ, ಅದೂ ಕಲಿಯಬೇಕಾದದ್ದೇ.

ಎರಡು ವಾರ ಕಳೆದ ಮೇಲೆ ತರಗತಿಯ ಒಬ್ಬಳಿಂದ ಅವಳಿಗೆ ರಾತ್ರಿ ಹನ್ನೊಂದಕ್ಕೆ ಸಂದೇಶ ಬಂತು. ಮನೆಯಲ್ಲಿ ತಮ್ಮನಿಗೆ ವಾಂತಿ, ಅಂಗಡಿ ಮುಚ್ಚಿದೆ. ಬಂದ ಪ್ರಶ್ನೆ ಒಂದೇ ಸಾಲು: ಚಮಚ ಮಟ್ಟವೋ, ಗೋಪುರವೋ? ನಮ್ಮ ಲೆಕ್ಕದಲ್ಲಿ ಆ ಭಾಷಣಕ್ಕೆ ಸಿಕ್ಕ ಅಂಕ ಅದು. ಆ ಹುಡುಗಿಗೆ ಪೂರ್ತಿ ನೆನಪಿರಲಿಲ್ಲ, ಆದ್ರೆ ಎಲ್ಲಿ ತಪ್ಪಬಹುದು ಅನ್ನೋದು ನೆನಪಿತ್ತು. ಕೇಳಬೇಕಾದ ಪ್ರಶ್ನೆ ಗೊತ್ತಿತ್ತು.

ಸರಿ, ನಿಮಗೂ ಇಂಥ ಭಾಷಣ ಇದ್ದರೆ ಹೀಗೆ ಮಾಡಿ. ಒಂದು ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಮ್ಮ ಕೈ ಯೋಚನೆ ಮಾಡದೇ ಮಾಡೋ ಕೆಲಸಗಳನ್ನ ಬರೆದಿಡಿ: ಪಂಕ್ಚರ್ ಹಾಕೋದು, ಹೂ ಕಟ್ಟೋದು, ಅಪ್ಪನ ಬಿಪಿ ನೋಡೋದು, ಸೊಳ್ಳೆ ಪರದೆ ಕಟ್ಟೋದು. ಒಂದೊಂದರ ಮುಂದೆಯೂ ಹೊಸಬರು ಎಡವುವ ಜಾಗ ಬರೀರಿ. ಬರೆಯೋಕಾಗದಿದ್ದರೆ ಅದನ್ನ ಹೊಡೆದುಹಾಕಿ. ಉಳಿದದ್ದರಲ್ಲಿ ಹದವನ್ನ ಕಣ್ಣಿಗೋ ನಾಲಿಗೆಗೋ ಬೆರಳಿಗೋ ತರೋಕಾಗುತ್ತಾ, ನಾಲ್ಕು ಹೆಜ್ಜೆಗೆ ಇಳಿಯುತ್ತಾ, ಬೆಂಕಿ ಚಾಕು ಇಲ್ಲದೇ ತರಗತಿಯಲ್ಲಿ ಮಾಡಬಹುದಾ, ಹಿಂದಿನ ಬೆಂಚಿಗೆ ಕಾಣುತ್ತಾ ಅಂತ ನೋಡಿ. ಕೊನೆಗೆ ಕೈ ಕಟ್ಟೋ ಪರೀಕ್ಷೆ. ಇಷ್ಟು ದಾಟಿ ಉಳಿದದ್ದು ಎಷ್ಟೇ ಸಣ್ಣದಾಗಿ ಕಂಡರೂ ಅದೇ ನಿಮ್ಮ ವಿಷಯ.

ಇನ್ನು ಅಜ್ಜಿ. ಮೊಮ್ಮಗಳು ಅದೇ ವಾರ ವಿಡಿಯೋ ಕರೆ ಮಾಡಿ, ಕೈ ಹಿಂದೆ ಕಟ್ಟಿಕೊಂಡು, ಅಜ್ಜಿಯ ಕೈಯಿಂದಲೇ ಕಲಸಿಸಿದಳು. ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳೆದು ಹಾಕಿ, ಸ್ಟೀಲ್ ಚೆಂಬಿನ ಒಳಗೆ ಎಲ್ಲಿಗೆ ಬಂತು ಅಂತ ನೋಡಿದರು. ಹೊರಗಡೆ ಅಷ್ಟೇ ಎತ್ತರಕ್ಕೆ ಅಜ್ಜಿ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದರು. ಆ ಚೆಂಬು ಈಗ ಅಡುಗೆಮನೆಯ ಗೂಡಿನಲ್ಲಿ, ಪ್ಯಾಕೆಟ್ಟುಗಳ ಪಕ್ಕದಲ್ಲೇ ಇದೆಯಂತೆ.

ರಿಂಗಾಸ್ಕಿಡಿಯಿಂದ ಇವತ್ತಿಗೆ ಇಷ್ಟು. ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ. ನಮಸ್ಕಾರ.